ಹಮಾಲನ ಹೊರೆ, ಲೋಕಲ್ ಗಾಡಿಯ ಬ್ರೇಕು, ಘಾಟಿಯ ಇಳಿಜಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸ, ಶಕ್ತಿ, ಸಂವೇಗ ಎಂಬ ಮೂರು ಪದಗಳ ಬಗ್ಗೆ ಪ್ರಶ್ನೆ ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಬಯಿಯ ದಿನನಿತ್ಯದ ಓಡಾಟದಲ್ಲೇ ಹುಟ್ಟಿದ ಪ್ರಶ್ನೆಗಳು ಎಂಬುದು ನನಗೆ ತುಂಬಾ ಸಂತೋಷ ಕೊಟ್ಟಿದೆ. ಏಳು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಒಂದೇ ವಿಷಯವನ್ನು ಕೇಳಿದ ಉಳಿದವರಿಗೂ ಇಲ್ಲೇ ಉತ್ತರ ಸಿಗಬಹುದು.

ಪ್ರಶ್ನೆ: ನನ್ನ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದಲ್ಲಿ ನಡೆಯುವ ಹಮಾಲನು ಹೊರೆಯ ಮೇಲೆ ಮಾಡಿದ ಕೆಲಸ ಸೊನ್ನೆ ಎಂದು ಅವನಿಗೆ ಪಾಠ ಮಾಡಿದ್ದಾರೆ. ದಾದರ್ ಸ್ಟೇಶನ್ನಿನಲ್ಲಿ ಹಮಾಲರು ಬೆವರು ಸುರಿಸುವುದನ್ನು ದಿನವೂ ನೋಡುವ ನನಗೆ ಇದನ್ನು ಒಪ್ಪಲು ಮನಸ್ಸು ಬರುತ್ತಿಲ್ಲ. ಪಾಠ ತಪ್ಪೋ, ನನ್ನ ತಿಳಿವಳಿಕೆ ತಪ್ಪೋ? (ಮಾಟುಂಗದ ಓದುಗರು)

ಉತ್ತರ: ಪಾಠವೂ ತಪ್ಪಲ್ಲ, ತಮ್ಮ ಮನಸ್ಸಿನ ತಕರಾರೂ ತಪ್ಪಲ್ಲ. ಇದೇ ಪ್ರಶ್ನೆಯನ್ನು ಬಹಳ ವರ್ಷಗಳ ಹಿಂದೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಹಗಲೆಲ್ಲ ಮಸ್ಜಿದ್ ಬಂದರಿನ ಸಗಟು ಅಂಗಡಿಯೊಂದರಲ್ಲಿ ಸಕ್ಕರೆ ಮೂಟೆ ಹೊತ್ತು, ಸಂಜೆ ಮುಖ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದವನು ಅವನು. ನಾನು ಹಲಗೆಯ ಮೇಲೆ ಸೊನ್ನೆ ಬರೆದು ತಿರುಗಿದಾಗ ಎದ್ದು ನಿಂತು, "ಹಾಗಾದರೆ ಸರ್, ಬೆಳಗಿನಿಂದ ನಾನು ಏನೂ ಮಾಡಲೇ ಇಲ್ಲವೇ?" ಎಂದ. ಅವನ ಅಂಗಿಯ ಭುಜಕ್ಕೆ ಗೋಣಿಯ ನಾರುಗಳು ಇನ್ನೂ ಅಂಟಿಕೊಂಡಿದ್ದವು. ಅಂದು ರಾತ್ರಿ ನಾನು ಕೊಟ್ಟ ಉತ್ತರ ನನಗೇ ಸಾಕೆನಿಸಿರಲಿಲ್ಲ. ಆದ್ದರಿಂದ ತಮ್ಮ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಭೌತಶಾಸ್ತ್ರದಲ್ಲಿ ಕೆಲಸ ಎಂದರೆ ಒಂದು ವಸ್ತುವಿನ ಮೇಲೆ ಪ್ರಯೋಗಿಸಿದ ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದಾಗ ಬರುವ ಗುಣಲಬ್ಧ. ಹಮಾಲನ ತಲೆ ಪೆಟ್ಟಿಗೆಯನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಪೆಟ್ಟಿಗೆಯಾದರೋ ಪ್ಲಾಟ್‌ಫಾರ್ಮಿನ ಗುಂಟ ಅಡ್ಡಲಾಗಿ ಸಾಗುತ್ತದೆ. ಬಲ ಮೇಲ್ಮುಖ, ಚಲನೆ ಅಡ್ಡ. ಬಲದ ದಿಕ್ಕಿನಲ್ಲಿ ಪೆಟ್ಟಿಗೆ ಒಂದಿಂಚೂ ಸರಿದಿಲ್ಲವಾದ್ದರಿಂದ ಆ ಬಲವು ಪೆಟ್ಟಿಗೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಹೊರಡುವಾಗ ಪೆಟ್ಟಿಗೆಗೆ ವೇಗ ಕೊಡಲು ಅಲ್ಪಸ್ವಲ್ಪ ಕೆಲಸ ಆಗುತ್ತದೆ, ನಿಲ್ಲುವಾಗ ಅಷ್ಟೇ ಪ್ರಮಾಣದ ಕೆಲಸ ಋಣವಾಗಿ ಬಂದು ಅದನ್ನು ಸರಿದೂಗಿಸುತ್ತದೆ. ಹೆಜ್ಜೆ ಹೆಜ್ಜೆಗೂ ತಲೆ ತುಸು ಮೇಲೆ ಕೆಳಗೆ ಆಗುವಾಗಲೂ ಲೆಕ್ಕ ಹೀಗೆಯೇ ನಡೆಯುತ್ತದೆ.

ಈಗ ಅದೇ ಹಮಾಲ ಸ್ಟೇಶನ್ನಿನ ಮೇಲ್ಸೇತುವೆ ಹತ್ತಲಿ. ಹೊರೆ 30 ಕಿಲೋ, ಸೇತುವೆಯ ಎತ್ತರ 6 ಮೀಟರ್ ಎಂದಿಟ್ಟುಕೊಂಡರೆ, ಗುರುತ್ವದ 9.8ನ್ನು ಸೇರಿಸಿ ಗುಣಿಸಿದಾಗ ಹೊರೆಯ ಮೇಲೆ ನಡೆದ ಕೆಲಸ 1,764 ಜೂಲ್ ಆಗುತ್ತದೆ. ಅವನ ಸ್ವಂತ ದೇಹದ 60 ಕಿಲೋವನ್ನೂ ಎತ್ತಬೇಕಲ್ಲ; ಎರಡೂ ಸೇರಿ 5,292 ಜೂಲ್. ಈ ಕೆಲಸ ಎಲ್ಲಿಗೂ ಹೋಗಿಲ್ಲ, ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿಯಾಗಿ ಉಳಿದಿದೆ.

ಹಾಗಾದರೆ ಸಮತಟ್ಟಿನಲ್ಲಿ ನಡೆಯುವಾಗ ಬೆವರು ಯಾಕೆ? ಇದಕ್ಕೆ ಉತ್ತರ ಸ್ನಾಯುವಿನೊಳಗಿದೆ. ಗೋಡೆಯ ಮೊಳೆಗೆ ಅದೇ ಪೆಟ್ಟಿಗೆಯನ್ನು ತೂಗುಹಾಕಿದರೆ ಮೊಳೆ ವರ್ಷಗಟ್ಟಲೆ ಅನ್ನ ನೀರು ಕೇಳದೆ ಹಿಡಿದಿರುತ್ತದೆ. ಸ್ನಾಯು ಮೊಳೆಯಂತೆ ಬಿಗಿದು ಸುಮ್ಮನಿರಲಾರದು. ಅದರೊಳಗಿನ ಮಯೋಸಿನ್ ಎಂಬ ಪ್ರೋಟೀನಿನ ಸಣ್ಣ ತಲೆಗಳು ಪಕ್ಕದ ಆಕ್ಟಿನ್ ಎಳೆಯನ್ನು ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಪ್ರತಿಯೊಂದು ಹಿಡಿತಕ್ಕೂ ಎಟಿಪಿ ಎಂಬ ಇಂಧನದ ಕಣ ಖರ್ಚಾಗುತ್ತದೆ. ಹೊರಗೆ ನೋಡಿದರೆ ಕತ್ತು ನಿಶ್ಚಲ, ಒಳಗೆ ಲಕ್ಷೋಪಲಕ್ಷ ಎಳೆದಾಟಗಳು. ಆ ಶಕ್ತಿ ಕೊನೆಗೆ ಶಾಖವಾಗಿ ಹೊರಬರುತ್ತದೆ, ಶಾಖವನ್ನು ಕಳೆಯಲು ದೇಹ ಬೆವರುತ್ತದೆ. ಮೇಲ್ಸೇತುವೆ ಹತ್ತುವಾಗಲೂ ಸ್ನಾಯು ಖರ್ಚು ಮಾಡಿದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಮೇಲೆತ್ತುವ ಕೆಲಸಕ್ಕೆ ಒದಗುತ್ತದೆ. ಅಂದರೆ ಆ 5,292 ಜೂಲಿಗಾಗಿ ದೇಹ 21,000 ಜೂಲಿಗೂ ಮಿಕ್ಕಿ, ಸುಮಾರು 5 ಕಿಲೋಕ್ಯಾಲರಿಯಷ್ಟು ಸುಡುತ್ತದೆ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕಿಲೋಕ್ಯಾಲರಿ ಇರುವುದರಿಂದ, ಒಂದು ಸಲ ಸೇತುವೆ ಹತ್ತಲು ಒಂದೂಕಾಲು ಗ್ರಾಂ ಸಕ್ಕರೆ ಸಾಕು. ಇಳಿಯುವಾಗ ಹೊರೆ ಎಳೆದುಕೊಂಡು ಹೋಗದಂತೆ ತೊಡೆಯ ಸ್ನಾಯುಗಳು ತಡೆದು ಹಿಡಿಯಬೇಕು. ಅದಕ್ಕೂ ಇಂಧನ ಬೇಕು.

ಮುಖ್ಯ ಮಾತು ಇನ್ನೊಂದಿದೆ. ಈ ಅರ್ಥದಲ್ಲಿ ಕೆಲಸ ಎಂಬ ಪದವನ್ನು ಬಳಕೆಗೆ ತಂದವರು ಫ್ರಾನ್ಸಿನ ಕೊರಿಯೊಲಿಸ್, 1829ರಲ್ಲಿ. ಗಣಿಯಿಂದ ನೀರೆತ್ತುವ, ಭಾರ ಎತ್ತುವ ಯಂತ್ರಗಳು ಎಷ್ಟು ತೂಕವನ್ನು ಎಷ್ಟು ಎತ್ತರಕ್ಕೆ ಏರಿಸಿದವು ಎಂದು ಒಂದನ್ನೊಂದು ಹೋಲಿಸಲು ಆ ಕಾಲದ ಇಂಜಿನಿಯರರಿಗೆ ಒಂದು ಅಳತೆ ಬೇಕಾಗಿತ್ತು. ಯಂತ್ರಕ್ಕೆಂದು ಮಾಡಿದ ಆ ಅಳತೆಗೋಲು ಮನುಷ್ಯನ ದುಡಿಮೆಗೆ ಬೆಲೆ ಕಟ್ಟುವುದಿಲ್ಲ, ಕಟ್ಟಬಾರದು. ತಲೆಹೊರೆ ಹೊರುವವರಿಗಾಗಿ ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಹಮಾಲರ ಕಾನೂನು ಮಾಡಿತು; ಮಾಥಾಡಿ ಎಂಬ ಹೆಸರೇ ತಲೆ ಎಂಬ ಅರ್ಥದ ಮರಾಠಿ ಪದದಿಂದ ಬಂದದ್ದು. ಕೂಲಿಯ ನ್ಯಾಯ ತೀರ್ಮಾನವಾಗಬೇಕಾದದ್ದು ಅಂಥ ಕಾನೂನಿನಲ್ಲಿ. ಕನ್ನಡದಲ್ಲಿ ಎರಡಕ್ಕೂ ಕೆಲಸ ಎಂಬ ಒಂದೇ ಪದ ಬಿದ್ದಿರುವುದರಿಂದ ನಮ್ಮ ಮಕ್ಕಳಿಗೆ ಈ ಗೊಂದಲ ತಪ್ಪುವುದಿಲ್ಲ. ಪಾಠ ಹೇಳುವವರು ಸೊನ್ನೆ ಬರೆಯುವ ಮೊದಲು ಇಷ್ಟನ್ನು ವಿವರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹುಡುಗನಿಗೆ ನಾನು ಅಂದೇ ಹೇಳಬೇಕಾಗಿದ್ದ ಮಾತೂ ಇದೇ.

ಪ್ರಶ್ನೆ: ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಾಳಿಗೆಯಲ್ಲಿ ನಮ್ಮ ಮನೆ. ನಿಧಾನವಾಗಿ ಹತ್ತಿದರೆ ಕೆಲಸ ಕಡಿಮೆಯಾಗುತ್ತದೆಯೇ? (ಠಾಣೆಯ ಓದುಗರು)

ಉತ್ತರ: ಕೆಲಸ ಅಷ್ಟೇ; ಸಾಮರ್ಥ್ಯ, ಅಂದರೆ ಕೆಲಸ ನಡೆಯುವ ದರ, ಬೇರೆ. ತಮ್ಮ ತೂಕ 60 ಕಿಲೋ, ಹತ್ತಬೇಕಾದ ಎತ್ತರ 12 ಮೀಟರ್ ಎಂದುಕೊಂಡರೆ ಎರಡು ಬಗೆಯಲ್ಲೂ ಕೆಲಸ 7,056 ಜೂಲ್. ಒಂದು ನಿಮಿಷದಲ್ಲಿ ಹತ್ತಿದರೆ ಸೆಕೆಂಡಿಗೆ ಸುಮಾರು 118 ಜೂಲ್, ಅಂದರೆ 118 ವ್ಯಾಟ್. 20 ಸೆಕೆಂಡಿನಲ್ಲಿ ಓಡಿ ಹತ್ತಿದರೆ 353 ವ್ಯಾಟ್, ಹೆಚ್ಚುಕಡಿಮೆ ಅರ್ಧ ಅಶ್ವಸಾಮರ್ಥ್ಯ. ಎದೆ ಬಡಿದುಕೊಳ್ಳುವುದು ಈ ದರಕ್ಕೆ. ವಯಸ್ಸಾದವರು ಮಾಳಿಗೆ ಮಾಳಿಗೆಗೂ ನಿಂತು ಹತ್ತುವುದು ಸರಿಯಾದ ಕ್ರಮ.

ಪ್ರಶ್ನೆ: ವೇಗವಾಗಿ ಬರುವ ಲೋಕಲ್ ಗಾಡಿ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಅದರ ಶಕ್ತಿ ಎಲ್ಲಿಗೆ ಹೋಗುತ್ತದೆ? ಅದು ಮೇಲಿನ ತಂತಿಗೆ ಮರಳುತ್ತದೆ ಎಂದು ನನ್ನ ಸಹಪ್ರಯಾಣಿಕರೊಬ್ಬರು ಹೇಳುತ್ತಾರೆ. ಸಂವೇಗವೂ ಹಾಗೆಯೇ ತಂತಿಗೆ ಹೋಗುತ್ತದೆಯೇ? (ಡೊಂಬಿವಿಲಿಯ ಓದುಗರು)

ಉತ್ತರ: ಪ್ರಶ್ನೆಯ ಎರಡನೆಯ ಭಾಗ ಬಹಳ ಒಳ್ಳೆಯದು. ಇಷ್ಟು ನೇರವಾಗಿ ಇದನ್ನು ಕೇಳುವವರು ಕಡಿಮೆ.

ಮೊದಲು ಶಕ್ತಿ. ಹನ್ನೆರಡು ಡಬ್ಬಿಗಳ ಗಾಡಿ, ಕಿಕ್ಕಿರಿದ ಪ್ರಯಾಣಿಕರು ಎಲ್ಲ ಸೇರಿ 700 ಟನ್ ಎಂದು ಲೆಕ್ಕಕ್ಕೆ ಹಿಡಿಯೋಣ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸಿಗುತ್ತದೆ: 14 ಕೋಟಿ ಜೂಲ್. ಮನೆಯ ಮೀಟರಿನಲ್ಲಿ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಆದ್ದರಿಂದ, ಗಾಡಿ ಒಂದು ಸ್ಟೇಶನ್ನಿನಲ್ಲಿ ನಿಲ್ಲುವಾಗಲೆಲ್ಲ ಸುಮಾರು 39 ಯೂನಿಟ್ ಶಕ್ತಿಯನ್ನು ಎಲ್ಲಾದರೂ ಇಳಿಸಬೇಕು. ಹಳೆಯ ಗಾಡಿಗಳಲ್ಲಿ ಇಷ್ಟೂ ಶಕ್ತಿ ಬ್ರೇಕಿನ ಘರ್ಷಣೆಯಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತಿತ್ತು. ಈಗಿನ ಗಾಡಿಗಳಲ್ಲಿ ತಮ್ಮ ಮಿತ್ರರು ಹೇಳಿದಂತೆ ನಡೆಯುತ್ತದೆ. ಗಾಡಿಯನ್ನು ಓಡಿಸುವ ಮೋಟಾರನ್ನೇ ಬ್ರೇಕ್ ಹಾಕುವಾಗ ಜನರೇಟರಾಗಿ ತಿರುಗಿಸಿಕೊಳ್ಳುತ್ತಾರೆ. ಚಕ್ರ ಮೋಟಾರನ್ನು ತಿರುಗಿಸುತ್ತದೆ, ಮೋಟಾರಿನಿಂದ ವಿದ್ಯುತ್ತು ಮೇಲಿನ ತಂತಿಗೆ ಹರಿಯುತ್ತದೆ, ಅದೇ ತಂತಿಯ ಕೆಳಗೆ ಹೊರಟ ಮತ್ತೊಂದು ಗಾಡಿ ಅದನ್ನು ಬಳಸಿಕೊಳ್ಳುತ್ತದೆ. ಪೂರ್ತಿ 39 ಯೂನಿಟ್ ಮರಳುವುದಿಲ್ಲ. ಮೋಟಾರಿನಲ್ಲಿ, ತಂತಿಯಲ್ಲಿ ಒಂದಿಷ್ಟು ಶಾಖವಾಗಿ ಸೋರುತ್ತದೆ, ಪೂರ್ಣವಾಗಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ಸಾಮಾನ್ಯ ಬ್ರೇಕೇ ಬೇಕಾಗುತ್ತದೆ. ಆದರೂ ಮರಳುವ ಪಾಲು ದೊಡ್ಡದು. 1925ರ ಫೆಬ್ರವರಿ 3ರಂದು ಈ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು ನಮ್ಮ ವಿ.ಟಿ.ಯಿಂದ (ಈಗಿನ ಸಿ.ಎಸ್.ಎಂ.ಟಿ.) ಕುರ್ಲಾದವರೆಗೆ, ಅಂದಿನಿಂದ ಇಂದಿನವರೆಗೆ ಈ ಹಳಿಗಳ ಮೇಲೆ ಆದ ಒಳ್ಳೆಯ ಬದಲಾವಣೆಗಳಲ್ಲಿ ಇದನ್ನು ನಾನು ಮೊದಲ ಸಾಲಿನಲ್ಲಿ ಇಡುತ್ತೇನೆ.

ಇನ್ನು ಸಂವೇಗ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಇಲ್ಲಿ ವರ್ಗವಿಲ್ಲ, ಅರ್ಧವಿಲ್ಲ, ಆದರೆ ದಿಕ್ಕು ಇದೆ. ನಮ್ಮ ಗಾಡಿಯ ಸಂವೇಗ ಕಲ್ಯಾಣದ ದಿಕ್ಕಿಗೆ 1.4 ಕೋಟಿ ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಶಕ್ತಿಗೆ ವೇಷಗಳು ಹಲವು: ಚಲನೆ, ಎತ್ತರ, ಶಾಖ, ವಿದ್ಯುತ್ತು, ಅನ್ನದೊಳಗಿನ ರಾಸಾಯನಿಕ ಶಕ್ತಿ. ಸಂವೇಗಕ್ಕೆ ಅಂಥ ವೇಷಾಂತರವಿಲ್ಲ. ಅದು ಶಾಖವಾಗಲಾರದು, ತಂತಿಯಲ್ಲಿ ಹರಿದು ಇನ್ನೊಂದು ಗಾಡಿಗೆ ಹೋಗಲಾರದು. ಒಂದು ವಸ್ತುವಿನಿಂದ ಕಳೆದರೆ ಅಷ್ಟನ್ನೂ, ಅದೇ ದಿಕ್ಕಿನಲ್ಲಿ, ಇನ್ನೊಂದು ವಸ್ತು ಪಡೆದುಕೊಳ್ಳಲೇಬೇಕು. ಗಾಡಿಯಿಂದ ಪಡೆದುಕೊಳ್ಳುವುದು ಹಳಿ, ಹಳಿಯ ಮೂಲಕ ಭೂಮಿ. ಬ್ರೇಕ್ ಹಾಕಿದಾಗ ಚಕ್ರಗಳು ಹಳಿಯನ್ನು ಮುಂದಕ್ಕೆ ತಳ್ಳುತ್ತವೆ. ಭೂಮಿಯ ದ್ರವ್ಯರಾಶಿ 6ರ ಮುಂದೆ 24 ಸೊನ್ನೆಗಳಷ್ಟು ಕಿಲೋ ಇರುವುದರಿಂದ ಅದಕ್ಕೆ ಬರುವ ವೇಗ ಯಾವ ಉಪಕರಣಕ್ಕೂ ಸಿಗದಷ್ಟು ಸೂಕ್ಷ್ಮ. ಹಿಂದಿನ ಸ್ಟೇಶನ್ನಿನಿಂದ ಹೊರಡುವಾಗ ಇದೇ ಗಾಡಿ ಭೂಮಿಯನ್ನು ಅಷ್ಟೇ ಹಿಂದಕ್ಕೆ ತಳ್ಳಿತ್ತು. ನಿಲ್ಲುವಾಗ ಸಾಲ ತೀರಿತು. ನಿಂತ ಪ್ರಯಾಣಿಕರೂ ತಮ್ಮ ಪಾಲಿನ ಸಂವೇಗವನ್ನು ಯಾರಿಗಾದರೂ ಒಪ್ಪಿಸಬೇಕಾಗುತ್ತದೆ. ಮೇಲಿನ ಹಿಡಿಕೆ ಹಿಡಿದವರು ಅದರ ಮೂಲಕ ಗಾಡಿಗೆ ಒಪ್ಪಿಸುತ್ತಾರೆ, ಹಿಡಿಯದವರು ಮುಂದೆ ನಿಂತವರ ಬೆನ್ನಿಗೆ ಒಪ್ಪಿಸುತ್ತಾರೆ.

ಪ್ರಶ್ನೆ: ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಎಂದು ಶಿವಾಜಿ ಪಾರ್ಕಿನಲ್ಲಿ ನಮ್ಮ ಕೋಚ್ ಹೇಳುತ್ತಾರೆ. ಸಮಯ ಹೆಚ್ಚಾಗುವುದರಿಂದ ಪೆಟ್ಟು ಕಡಿಮೆ ಎಂದು ಟೀಚರ್ ಹೇಳಿದರು. ದೂರ ಹೆಚ್ಚಾಗುವುದರಿಂದ ಎಂದು ಅಣ್ಣ ಹೇಳಿದ. ಯಾರು ಸರಿ? (ದಾದರಿನ ವಿದ್ಯಾರ್ಥಿ)

ಉತ್ತರ: ಇಬ್ಬರೂ ಸರಿ ಮಗೂ. ನೀನೇ ಲೆಕ್ಕ ಹಾಕಿ ನೋಡಬಹುದು, ಜೊತೆಗೆ ಬಾ.

ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಅದು ಗಂಟೆಗೆ 108 ಕಿಲೋಮೀಟರ್, ಅಂದರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ನಿನ್ನ ಕಡೆ ಬರಲಿ. ಅದರ ಸಂವೇಗ 4.8, ಚಲನಶಕ್ತಿ 72 ಜೂಲ್. ಕೈ ಬಿಗಿಹಿಡಿದು ನಿಂತರೆ ಅಂಗೈ, ಬೆರಳು ಎಲ್ಲ ಸೇರಿ 3 ಸೆಂಟಿಮೀಟರ್ ಹಿಂದೆ ಸರಿಯಬಹುದು. 72ನ್ನು 0.03 ಮೀಟರಿನಿಂದ ಭಾಗಿಸು: ಬಲ 2,400 ನ್ಯೂಟನ್. ಇದು ಅಣ್ಣನ ದಾರಿ. ಚೆಂಡಿನ ವೇಗ ಒಂದೇ ಸಮನೆ ಇಳಿಯುತ್ತದೆ ಎಂದುಕೊಂಡರೆ ಸರಾಸರಿ ವೇಗ 15 ಮೀಟರ್ ಆಗುತ್ತದೆ, ಆದ್ದರಿಂದ ಆ 3 ಸೆಂಟಿಮೀಟರಿಗೆ ತಗಲುವ ಸಮಯ 0.002 ಸೆಕೆಂಡು. 4.8ನ್ನು 0.002ರಿಂದ ಭಾಗಿಸು: ಮತ್ತೆ 2,400 ನ್ಯೂಟನ್. ಇದು ಟೀಚರ್ ದಾರಿ. 245 ಕಿಲೋ ಭಾರ ಅಂಗೈ ಮೇಲೆ ಕ್ಷಣಕಾಲ ಕೂತಂತೆ. ಈಗ ಕೈಯನ್ನು 30 ಸೆಂಟಿಮೀಟರ್ ಹಿಂದಕ್ಕೆ ಎಳೆದುಕೋ. ದೂರ ಹತ್ತು ಪಟ್ಟು, ಸಮಯವೂ ಹತ್ತು ಪಟ್ಟು, ಬಲ 240 ನ್ಯೂಟನ್ ಮಾತ್ರ.

ಬಲ ಎಷ್ಟು ದೂರ ನಡೆಯಿತು ಎಂಬ ಲೆಕ್ಕ ಶಕ್ತಿಯದು, ಎಷ್ಟು ಹೊತ್ತು ನಡೆಯಿತು ಎಂಬ ಲೆಕ್ಕ ಸಂವೇಗದ್ದು. ಒಂದೇ ತಳ್ಳುವಿಕೆಗೆ ಎರಡು ಖಾತೆ. ಪರೀಕ್ಷೆಯಲ್ಲಿ ದೂರ ಕೊಟ್ಟಿದ್ದರೆ ಅಣ್ಣನ ಖಾತೆ ತೆರೆ, ಸಮಯ ಕೊಟ್ಟಿದ್ದರೆ ಟೀಚರ್ ಖಾತೆ.

ಪ್ರಶ್ನೆ: ಎರಡೂ ಖಾತೆಗಳು ಒಂದೇ ಉತ್ತರ ಕೊಡುವುದಾದರೆ ಒಂದನ್ನು ಮಾತ್ರ ಕಲಿತರೆ ಸಾಲದೇ? (ಗೋರೆಗಾಂವಿನ ಕಾಲೇಜು ವಿದ್ಯಾರ್ಥಿನಿ ಬೇರೆ ಮಾತುಗಳಲ್ಲಿ ಇದನ್ನೇ ಕೇಳಿದ್ದಾರೆ.)

ಉತ್ತರ: ಸಾಲದು. ಕಾರಣವನ್ನು ನಿಮ್ಮ ಮನೆಯ ಕೇರಂ ಬೋರ್ಡಿನ ಮೇಲೆಯೇ ಕಾಣಬಹುದು. ಪೌಡರ್ ಉದುರಿಸಿ ಒಂದು ಕಾಯಿಯನ್ನು ನಡುವೆ ಇಡಿ. ಸ್ಟ್ರೈಕರ್ ಬೇಡ, ಅದು ತೂಕದಲ್ಲಿ ಹೆಚ್ಚು. ಅಷ್ಟೇ ತೂಕದ ಇನ್ನೊಂದು ಕಾಯಿಯನ್ನು ಬೆರಳಿನಿಂದ ಚಿಮ್ಮಿಸಿ ಮೊದಲನೆಯದಕ್ಕೆ ನಟ್ಟನಡುವೆ ತಾಗುವಂತೆ ಹೊಡೆಯಿರಿ. ಹೊಡೆದ ಕಾಯಿ ಟಕ್ಕೆಂದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ನಿಂತಿದ್ದ ಕಾಯಿ ಹೊರಟುಹೋಗುತ್ತದೆ. ಸಾವಿರ ಸಲ ಆಡಿದವರಿಗೂ ಇದರಲ್ಲಿ ವಿಶೇಷ ಕಾಣುವುದಿಲ್ಲ. ಆದರೆ ಎರಡು ಕಾಯಿಗಳೂ ಅರ್ಧರ್ಧ ವೇಗದಲ್ಲಿ ಒಟ್ಟಿಗೆ ಯಾಕೆ ಹೊರಡಬಾರದು ಎಂದು ಕೇಳಿಕೊಳ್ಳಿ. ಸಂವೇಗದ ಖಾತೆಯ ಪ್ರಕಾರ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅರ್ಧ, ಅರ್ಧ ಕೂಡಿದರೆ ಒಂದು. ಮುಕ್ಕಾಲು, ಕಾಲು ಆದರೂ ಅಡ್ಡಿಯಿಲ್ಲ.

ಅಡ್ಡ ಬರುವುದು ಶಕ್ತಿಯ ಖಾತೆ. ಡಿಕ್ಕಿಯ ಮೊದಲಿನ ವೇಗ ಒಂದು ಎಂದಿದ್ದರೆ, ಆಮೇಲಿನ ಎರಡು ವೇಗಗಳ ಮೊತ್ತ ಒಂದಾಗಬೇಕು, ಅವುಗಳ ವರ್ಗಗಳ ಮೊತ್ತವೂ ಒಂದಾಗಬೇಕು. ಮೊತ್ತವನ್ನು ವರ್ಗ ಮಾಡಿ ನೋಡಿದರೆ ಎರಡು ವೇಗಗಳ ಗುಣಲಬ್ಧ ಸೊನ್ನೆಯಾಗಲೇಬೇಕು ಎಂದು ಹೊರಬೀಳುತ್ತದೆ. ಅಂದರೆ ಎರಡರಲ್ಲೊಂದು ಕಾಯಿ ನಿಲ್ಲಬೇಕು. ಹಿಂದಿನ ಕಾಯಿ ಮುಂದಿನದನ್ನು ತೂರಿ ಹೋಗುವಂತಿಲ್ಲವಾದ್ದರಿಂದ ಹಿಂದಿನದೇ ನಿಲ್ಲುತ್ತದೆ. ಎರಡು ಸಾಲಿನ ಈ ಬೀಜಗಣಿತವನ್ನು ಮೊದಲ ಬಾರಿ ಬಿಡಿಸಿದ ರಾತ್ರಿ ನನಗಾದ ಹಿಗ್ಗು ಇಂದಿಗೂ ನೆನಪಿದೆ.

ಈಗ ಒಂದು ಕಾಯಿಯ ಅಂಚಿಗೆ ತುಸು ಹಲಸಿನ ಮೇಣ ಹಚ್ಚಿ ಅದೇ ರೀತಿ ಹೊಡೆಯಿರಿ. ಎರಡೂ ಅಂಟಿಕೊಂಡರೆ ಒಟ್ಟಿಗೆ, ಅರ್ಧ ವೇಗದಲ್ಲಿ ಸಾಗುತ್ತವೆ. ಸಂವೇಗದಲ್ಲಿ ಕಾಸಿನಷ್ಟೂ ನಷ್ಟವಿಲ್ಲ, ಚಲನಶಕ್ತಿ ಮಾತ್ರ ಸರಿಯಾಗಿ ಅರ್ಧಕ್ಕೆ ಇಳಿದಿದೆ; ಉಳಿದರ್ಧ ಮೇಣವನ್ನು ಹಿಸುಕುವುದರಲ್ಲಿ ಶಾಖವಾಯಿತು. ಎರಡು ಕಾಯಿ, ಒಂದು ಚಿಟಿಕೆ ಮೇಣ; ಎರಡು ನಿಯಮಗಳ ವ್ಯತ್ಯಾಸ ಇದಕ್ಕಿಂತ ಅಗ್ಗವಾಗಿ ಎಲ್ಲಿಯೂ ಕಾಣಸಿಗದು.

ಪ್ರಶ್ನೆ: ಖೋಪೋಲಿಯಲ್ಲಿ ಕರೆಂಟ್ ತೆಗೆದ ಮೇಲೆ ಆ ನೀರಿನ ಸತ್ವ ಹೋಗುತ್ತದೆ, ಬೆಳೆಗೆ ಒಳ್ಳೆಯದಲ್ಲ ಎಂದು ಊರಿನಿಂದ ಬಂದ ಹಿರಿಯರು ಹೇಳುತ್ತಿದ್ದರು. ನಿಜವೇ? (ಪುಣೆಯ ಓದುಗರು)

ಉತ್ತರ: ನಿಜವಲ್ಲ. ಲೋಣಾವಳದ ಸುತ್ತ ಕಟ್ಟಿದ ಕೆರೆಗಳ ನೀರು ಕೊಳವೆಗಳಲ್ಲಿ 500 ಮೀಟರಿಗೂ ಹೆಚ್ಚು ಕೆಳಗೆ ಧುಮುಕಿ ಖೋಪೋಲಿಯ ಚಕ್ರಗಳನ್ನು ತಿರುಗಿಸುತ್ತದೆ. 1915ರಲ್ಲಿ ಮುಂಬಯಿಯ ಗಿರಣಿಗಳಿಗೆ ಟಾಟಾ ಕಂಪನಿಯ ವಿದ್ಯುತ್ತು ಹೋದದ್ದು ಅಲ್ಲಿಂದಲೇ. ನಾವು ತೆಗೆದುಕೊಳ್ಳುವುದು ಎತ್ತರದ ಶಕ್ತಿಯನ್ನು ಮಾತ್ರ. ಒಂದು ಲೀಟರ್ ನೀರು 500 ಮೀಟರ್ ಇಳಿದರೆ ಸಿಗುವುದು 4,900 ಜೂಲ್. ಚೂರೂ ಸೋರದಿದ್ದರೂ ಒಂದು ಯೂನಿಟ್ಟಿಗೆ 735 ಲೀಟರ್ ನೀರು ಇಳಿಯಬೇಕು. ಅದೇ ನೀರು ಯಾವ ಚಕ್ರವನ್ನೂ ತಿರುಗಿಸದೆ ಬಂಡೆಗಳ ಮೇಲೆ ಬಿದ್ದು ಬಂದಿದ್ದರೆ ಆ ಶಕ್ತಿ ನೀರನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚು ಬೆಚ್ಚಗೆ ಮಾಡುತ್ತಿತ್ತು. ಇಷ್ಟೇ ವ್ಯತ್ಯಾಸ. ಬೆಳೆಗೆ ಬೇಕಾದ ಲವಣಗಳು ಇದ್ದಲ್ಲೇ ಇರುತ್ತವೆ.

ಪ್ರಶ್ನೆ: ನಾನು ಇಪ್ಪತ್ತು ವರ್ಷಗಳಿಂದ ಹುಬ್ಬಳ್ಳಿ, ಪುಣೆ, ಮುಂಬಯಿ ದಾರಿಯಲ್ಲಿ ಲಾರಿ ಓಡಿಸುತ್ತಿದ್ದೇನೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಉಸ್ತಾದ್ ಕಲಿಸಿದ್ದರು. ಈಗಿನ ಹುಡುಗರು ಡೀಸೆಲ್ ಉಳಿಸಲು ಖಂಡಾಲಾ ಘಾಟಿಯನ್ನು ನ್ಯೂಟ್ರಲ್ಲಿನಲ್ಲಿ ಇಳಿಸುತ್ತಾರೆ. ಅವರಿಗೆ ಅರ್ಥವಾಗುವಂತೆ ಬರೆಯಿರಿ. (ಕಳಂಬೋಲಿಯ ಓದುಗರು)

ಉತ್ತರ: ಈ ಪತ್ರ ಬರೆದದ್ದಕ್ಕೆ ತಮಗೆ ವಂದನೆ. ತಮ್ಮ ಉಸ್ತಾದರ ಮಾತಿನಲ್ಲಿ ಶಕ್ತಿಯ ನಿಯಮ ಪೂರ್ತಿಯಾಗಿ ಅಡಗಿದೆ.

ಸರಕು ಸೇರಿ 16 ಟನ್ ತೂಗುವ ಲಾರಿ ಖಂಡಾಲಾದ ಮೇಲೆ ನಿಂತಿದೆ ಎಂದುಕೊಳ್ಳೋಣ. ಖೋಪೋಲಿಯ ನೀರು ಇಳಿದಷ್ಟೇ ಆಳಕ್ಕೆ, ಸುಮಾರು 500 ಮೀಟರ್, ಈ ಲಾರಿಯೂ ಇಳಿಯಬೇಕು. ಅದರ ಪ್ರಚ್ಛನ್ನ ಶಕ್ತಿ 7.84 ಕೋಟಿ ಜೂಲ್. 250 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಇಷ್ಟು ಶಾಖ ಸಾಕು. ಇದಕ್ಕೆ ಹೋಲಿಸಿದರೆ ಗಂಟೆಗೆ 40 ಕಿಲೋಮೀಟರ್ ಓಡುವ ಅದೇ ಲಾರಿಯ ಚಲನಶಕ್ತಿ ಹತ್ತು ಲಕ್ಷ ಜೂಲಿಗೂ ತುಸು ಕಡಿಮೆ. ಎತ್ತರದಲ್ಲಿ ಅಡಗಿರುವುದು ಓಟದಲ್ಲಿ ಕಾಣುವುದರ ಸುಮಾರು ಎಂಬತ್ತು ಪಟ್ಟು. ಘಾಟಿಯ ಅಪಾಯವನ್ನು ವೇಗದ ಮುಳ್ಳಿನಿಂದ ಅಳೆಯುವ ಹುಡುಗರು ಎಡವುವುದು ಇಲ್ಲಿಯೇ. ಮುಳ್ಳು 40 ತೋರಿಸುತ್ತಿದ್ದಾಗಲೂ ಬೆನ್ನ ಹಿಂದೆ ಆ ರಾಶಿ ಇದ್ದೇ ಇರುತ್ತದೆ.

ಆ ಶಕ್ತಿ ಕೆಳಗೆ ಮುಟ್ಟುವುದರೊಳಗೆ ಶಾಖವಾಗಿ ಹೊರಹೋಗಬೇಕು. ಇಳಿಯಲು ಇಪ್ಪತ್ತು ನಿಮಿಷ ತೆಗೆದುಕೊಂಡರೆ ಅದರ ದರ 65 ಕಿಲೋವ್ಯಾಟ್. ಹತ್ತು ನಿಮಿಷದಲ್ಲಿ ಇಳಿದರೆ 130 ಕಿಲೋವ್ಯಾಟ್. ಕೆಳ ಗೇರಿನಲ್ಲಿದ್ದರೆ ಚಕ್ರಗಳೇ ಇಂಜಿನನ್ನು ತಿರುಗಿಸಬೇಕಾಗುತ್ತದೆ. ಇಂಜಿನ್ ಗಾಳಿಯನ್ನು ಒತ್ತಿ ಒತ್ತಿ ಹೊರಹಾಕುತ್ತದೆ, ಶಾಖದ ದೊಡ್ಡ ಪಾಲು ಸೈಲೆನ್ಸರ್ ಮತ್ತು ರೇಡಿಯೇಟರಿನ ಮೂಲಕ ಹೊರಗೆ ಹೋಗುತ್ತದೆ. ನ್ಯೂಟ್ರಲ್ಲಿಗೆ ಹಾಕಿದ ಕ್ಷಣ ಆ ದಾರಿ ಮುಚ್ಚಿತು. ಇನ್ನು ಎಲ್ಲವನ್ನೂ ಬ್ರೇಕ್ ಡ್ರಮ್ಮುಗಳೇ ನುಂಗಬೇಕು. ಕಾದ ಡ್ರಮ್ಮು ಹಿಗ್ಗುತ್ತದೆ, ಲೈನರಿನ ಹಿಡಿತ ಸಡಿಲಾಗುತ್ತದೆ, ಪೆಡಲ್ ಎಷ್ಟು ಒತ್ತಿದರೂ ಲಾರಿ ಕೇಳುವುದಿಲ್ಲ. ಸುಟ್ಟ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಆಮೇಲೆ ಕೆಲಸ ಮಾಡುವುದು ವೇಗದ ವರ್ಗ. 1722ರ ಸುಮಾರಿಗೆ ಡಚ್ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದರು. ವೇಗ ಎರಡು ಪಟ್ಟಾದಾಗ ಗುಂಡು ನಾಲ್ಕು ಪಟ್ಟು ಆಳಕ್ಕೆ ಇಳಿಯಿತು. ಚಲನೆಯ ಅಳತೆ ವೇಗದಿಂದಲೋ ವೇಗದ ವರ್ಗದಿಂದಲೋ ಎಂದು ಯುರೋಪಿನ ಪಂಡಿತರು ಹಟ ಹಿಡಿದು ವಾದಿಸುತ್ತಿದ್ದ ಕಾಲ ಅದು. ನ್ಯೂಟನ್ನರ ಗ್ರಂಥವನ್ನು ಫ್ರೆಂಚಿಗೆ ತಂದ ಎಮಿಲಿ ದು ಶಾತಲೆ ಎಂಬ ವಿದುಷಿ ಈ ಪ್ರಯೋಗದ ಮಹತ್ವವನ್ನು ಕಂಡು ವರ್ಗದ ಪರವಾಗಿ ನಿಂತರು. ಗುಂಡು ಇಳಿದ ಆಳದ ಜಾಗದಲ್ಲಿ ಬ್ರೇಕ್ ಹಾಕಿದ ಮೇಲೆ ಸಾಗುವ ದೂರವನ್ನು ಇಟ್ಟು ನೋಡಿ. ಒಣ ರಸ್ತೆ, ಒಳ್ಳೆಯ ಟೈರು ಇರುವ ಕಾರು 50ರ ವೇಗದಲ್ಲಿ ಸುಮಾರು 14 ಮೀಟರಿನಲ್ಲಿ ನಿಂತರೆ, 100ರ ವೇಗದಲ್ಲಿ 55 ಮೀಟರ್ ಬೇಕು. ತುಂಬಿದ ಲಾರಿಗೆ ಇನ್ನೂ ಹೆಚ್ಚು ಬೇಕು. ಅಡ್ಡಿಯನ್ನು ಕಂಡು ಪೆಡಲ್ ಒತ್ತುವ ಒಂದು ಸೆಕೆಂಡಿನಲ್ಲಿ ಸಾಗುವ ದೂರ ಇದರ ಮೇಲೆ.

ಇದೇ ಘಾಟಿಯಲ್ಲಿ 1863ರಿಂದ ರೈಲು ಓಡುತ್ತಿದೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದಾದ ಹಳಿ ಅದು. ಹತ್ತುವ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಹೆಚ್ಚಿನ ಇಂಜಿನ್ ಜೋಡಿಸುವುದನ್ನು ಪುಣೆಗೆ ಹೋಗುವವರೆಲ್ಲ ನೋಡಿರುತ್ತಾರೆ. ಇಳಿಯುವ ಗಾಡಿ ಹಿಡಿತ ತಪ್ಪಿದರೆ ಅದನ್ನು ಪಕ್ಕದ ಏರುಮುಖದ ಹಳಿಗೆ ತಿರುಗಿಸುವ ಏರ್ಪಾಡೂ ಅಲ್ಲಿದೆ. ಗಾಡಿ ಆ ದಿಬ್ಬ ಹತ್ತುತ್ತ ತನ್ನ ಚಲನಶಕ್ತಿಯನ್ನು ಮತ್ತೆ ಎತ್ತರಕ್ಕೆ ಒಪ್ಪಿಸಿ ನಿಲ್ಲುತ್ತದೆ.

ಹುಡುಗರಿಗೆ ಅಂಕಿಗಳಿಂದ ಮನವರಿಕೆ ಆಗದಿದ್ದರೆ ಒಂದು ಕೆಲಸ ಮಾಡಿ. ತಾವು ಕೆಳ ಗೇರಿನಲ್ಲಿ ಇಳಿಸಿದ ಲಾರಿಯನ್ನು ಖೋಪೋಲಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರನ್ನು ಚಕ್ರದ ಬಳಿಗೆ ಕರೆದು, ಡ್ರಮ್ಮನ್ನು ಮುಟ್ಟದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಲು ಹೇಳಿ. ನ್ಯೂಟ್ರಲ್ಲಿನಲ್ಲಿ ಇಳಿದು ಬಂದ ಇನ್ನೊಂದು ಲಾರಿ ಪಕ್ಕದಲ್ಲಿ ನಿಂತಿದ್ದರೆ, ಅದರ ಚಕ್ರದ ಬಳಿಯೂ ಹಾಗೆಯೇ ಅಂಗೈ ಹಿಡಿಯಲಿ.